ಧಣಿಗಳ ನಂಬರು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಕಣ್ಣಾಗುತ್ತದೆ. ತರಕಾರಿಯವನು ಕೊತ್ತಂಬರಿ ಕಟ್ಟನ್ನು ಪುಕ್ಕಟೆ ಕೊಟ್ಟರೆ ಮೊದಲು ಬದನೆಕಾಯಿ ತಿರುಗಿಸಿ ನೋಡುವವಳು ನಾನು. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸದರಲ್ಲಿ ಗಂಡ ಇದಕ್ಕೆ ನಗುತ್ತಿದ್ದರು, ಆಮೇಲೆ ಅವರಿಗೂ ರೂಢಿಯಾಯಿತು. ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಯಾವ ಕಾಗದಕ್ಕೆ ಸಹಿ ಹಾಕುವುದಿದ್ದರೂ ಅಕ್ಕಪಕ್ಕದವರು ನನಗೊಮ್ಮೆ ತೋರಿಸಿ ಹೋಗುತ್ತಿದ್ದರು. ಇಂಥವಳು ಕೂತಿದ್ದ ಕ್ಲಿನಿಕ್ಕಿಗೆ, ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ, ಒಂದು ಕಂಪನಿಯವರು ಬಂದು ಸಾಫ್ಟ್‌ವೇರು ಪುಕ್ಕಟೆ, ಫೋನಿನಲ್ಲೇ ಅಪಾಯಿಂಟ್‌ಮೆಂಟು ಪುಕ್ಕಟೆ, ಕಲಿಸಿಕೊಡುವುದೂ ಪುಕ್ಕಟೆ ಎಂದರೆ ನನಗೆ ಹೇಗಾಗಿರಬೇಡ.

ಕ್ಲಿನಿಕ್ಕು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಏಳೆಂಟು ನಿಮಿಷದ ದಾರಿ. ಡಾಕ್ಟ್ರು ನಮ್ಮ ಉಡುಪಿ ಕಡೆಯವರೇ. ಎರಡು ಸಾವಿರದ ಇಸವಿ ಹೊತ್ತಿಗೆ ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ಅವರ ತಲೆಯಲ್ಲಿ ಇನ್ನೂ ಕಪ್ಪು ಕೂದಲಿತ್ತು. ಕೌಂಟರಿನಲ್ಲಿ ಕೂರುವುದು, ಹೆಸರು ಕೂಗುವುದು, ಕಾರ್ಡು ಹುಡುಕಿ ಒಳಗೆ ಕೊಡುವುದು, ಡಾಕ್ಟ್ರು ಬರೆದ ಗುಳಿಗೆಗಳನ್ನು ಕಟ್ಟಿಕೊಡುವುದು, ಇಷ್ಟೂ ನನ್ನ ಕೆಲಸ. ಮರಾಠಿಯವರು, ಗುಜರಾತಿಯವರು ಎಲ್ಲ ಬರುತ್ತಿದ್ದರು. ಆದರೆ ಕಲ್ಯಾಣ, ಉಲ್ಹಾಸನಗರ, ಶಹಾಡ್ ಕಡೆಯ ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ಜನ ರೈಲು ಹತ್ತಿ ನಮ್ಮಲ್ಲಿಗೇ ಬರುತ್ತಿದ್ದರು. ಹೊಟ್ಟೆನೋವನ್ನು ಹಿಂದಿಯಲ್ಲಿ ಹೇಳಿದರೆ ಅರ್ಧ ನೋವು ಹೇಳದೆಯೇ ಉಳಿಯುತ್ತದೆ ಎಂದು ಅವರಲ್ಲೊಬ್ಬರು ಹೇಳಿದ್ದುಂಟು.

ಕಾರ್ಡುಗಳಿಗೆ ಒಂದು ಮರದ ಕಪಾಟು. ಸಂಸಾರಸ್ಥರ ಕಾರ್ಡುಗಳು ಬಿಲ್ಡಿಂಗಿನ ಪ್ರಕಾರ, ಹೋಟೆಲಿನವರದು ಹೋಟೆಲಿನ ಪ್ರಕಾರ. ಒಂದೊಂದು ಹೋಟೆಲಿಗೆ ಒಂದೊಂದು ಕಟ್ಟು, ಮೇಲೆ ರಬ್ಬರ್ ಬ್ಯಾಂಡು. ಪ್ರತಿ ಕಾರ್ಡಿನ ಮೂಲೆಯಲ್ಲಿ ಹೋಟೆಲಿನ ಗಲ್ಲಾದ ಫೋನ್ ನಂಬರು. ಆಗ ಆ ಜನಕ್ಕೆ ಸ್ವಂತ ಫೋನೆಲ್ಲಿ? ರಕ್ತದ ರಿಪೋರ್ಟು ಬಂದರೆ ನಾನು ಗಲ್ಲಾಕ್ಕೆ ಫೋನು ಮಾಡಿ, ನಿಮ್ಮ ಚಟ್ನಿ ಅರೆಯುವವರನ್ನು ಕಳಿಸಿ ಎನ್ನುತ್ತಿದ್ದೆ. ಧಣಿಗಳು ಕಳಿಸುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಆದರೂ ಗಲ್ಲಾದ ಫೋನು ಹೋದ ಜಾಗದಲ್ಲಿ ನಾನು ಧಣಿಗಳ ಮೊಬೈಲನ್ನೇ ಬರೆದೆ. ಕೆಲಸಗಾರರು ತಿಂಗಳಿಗೊಂದು ಸಿಮ್ಮು ಬದಲಿಸುತ್ತಾರೆ, ಧಣಿಗಳು ಬದಲಿಸುವುದಿಲ್ಲ, ಅದೇ ಕಾರಣ. ನಮ್ಮಲ್ಲಿ ಇದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನ ಕಟ್ಟಿನಲ್ಲಿ ದೋಸೆ ಹುಯ್ಯುವವರೊಬ್ಬರ ಕಾರ್ಡಿತ್ತು. ನಾನು ಈಗ ಹೇಳಹೊರಟಿರುವುದು ಅವರ ವಿಷಯ. ವಯಸ್ಸು ನಲವತ್ತೈದರ ಮೇಲೆ, ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ನಮ್ಮ ಕಡೆ ಹಾಗೇ. ಎಷ್ಟೋ ವರ್ಷದ ಹಿಂದೆ, ಕಲ್ಯಾಣಕ್ಕೆ ಬರುವ ಮೊದಲು, ಅವರಿಗೆ ತಲೆ ಕೆಟ್ಟಿತ್ತು. ಇಲ್ಲದ ಮಾತು ಕಿವಿಯಲ್ಲಿ ಕೇಳುತ್ತಿತ್ತಂತೆ. ಠಾಣೆ ಶಹರದ ದೊಡ್ಡ ಡಾಕ್ಟರೊಬ್ಬರು ಗುಳಿಗೆ ಶುರು ಮಾಡಿ, ಇನ್ನು ನಿಮ್ಮ ಡೊಂಬಿವಲಿಯವರೇ ನೋಡಿಕೊಳ್ಳಲಿ ಎಂದು ಚೀಟಿ ಬರೆದುಕೊಟ್ಟಿದ್ದರು. ದಿನಕ್ಕೆ ಒಂದು ಗುಳಿಗೆ. ಅಷ್ಟನ್ನು ತೆಗೆದುಕೊಂಡರೆ ನಮ್ಮ ನಿಮ್ಮ ಹಾಗೇ ಇರುತ್ತಿದ್ದರು. ಒಂಬತ್ತು ವರ್ಷ ಬಿಡದೆ ತೆಗೆದುಕೊಂಡರು. ಅವರ ದೋಸೆಗಾಗಿ ಉಲ್ಹಾಸನಗರದ ಸಿಂಧಿ ಅಂಗಡಿಯವರು ಸ್ಕೂಟರಿನಲ್ಲಿ ಬಂದು ಸಾಲು ನಿಲ್ಲುತ್ತಿದ್ದರು.

ಈ ಗುಳಿಗೆಯ ವಿಷಯ ಹೋಟೆಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆಲಸ ಮಾಡುವುದೂ ಅಲ್ಲೇ, ಮಲಗುವುದೂ ಅಲ್ಲೇ ಮಾಳಿಗೆಯಲ್ಲಿ, ಹತ್ತು ಜನರ ಜೊತೆ. ಒಬ್ಬನ ಟ್ರಂಕಿನಲ್ಲಿ ಏನಿದೆಯೆಂದು ಇನ್ನೊಬ್ಬನಿಗೆ ಗೊತ್ತಿರುವ ಜಾಗ ಅದು. ಧಣಿಗೆ ಗೊತ್ತಾದರೆ ದೋಸೆ ಕಾವಲಿ ಕೈಬಿಟ್ಟು ಹೋಗ್ತದೆ ಅಕ್ಕ, ಎಂದು ಮೊದಲ ಸಲ ಬಂದಾಗಲೇ ಹೇಳಿದ್ದರು. ಅದಕ್ಕೇ ನಾನು ಅವರ ಗುಳಿಗೆಗಳನ್ನು ಹಾಳೆಯಿಂದ ಒಂದೊಂದಾಗಿ ಒತ್ತಿ ತೆಗೆದು, ಹೆಸರಿಲ್ಲದ ಬಿಳಿ ಕವರಿಗೆ ಹಾಕಿ, ಮೇಲೆ ಕನ್ನಡದಲ್ಲಿ 'ಗ್ಯಾಸಿಗೆ' ಎಂದು ಬರೆದುಕೊಡುತ್ತಿದ್ದೆ. ಡಾಕ್ಟ್ರು ಹೇಳಿದ್ದಲ್ಲ, ನನ್ನದೇ ಉಪಾಯ. ಅಣ್ಣ ಕವರು ನೋಡಿ ನಕ್ಕಿದ್ದರು. ಒಬ್ಬರ ಗುಟ್ಟು ನನ್ನ ಕೈಯಲ್ಲಿದ್ದರೆ ಅದು ಎಲ್ಲಿಯೂ ಹೋಗುವುದಿಲ್ಲ ಎಂದು ನನಗೆ ಒಳಗೊಳಗೇ ಜಂಬವಿತ್ತು.

ಇಂಥ ಹೊತ್ತಿನಲ್ಲಿ ಕಂಪನಿಯ ಹುಡುಗಿ ಬಂದಳು. ಇಪ್ಪತ್ತೈದು ಇಪ್ಪತ್ತಾರರ ಪ್ರಾಯ, ಹೆಗಲಿಗೆ ಚೀಲ, ಕೈಯಲ್ಲಿ ಸ್ಲೇಟಿನಂಥ ಟ್ಯಾಬು. ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ, ಮನೆಯವರು ಹುಬ್ಬಳ್ಳಿ ಕಡೆಯವರು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಕನ್ನಡ ಬರುವುದಿಲ್ಲವಾ ಎಂದರೆ, ಸಮಝ್ತಾ ಹೈ ಆಂಟಿ, ಎಂದು ನಗುತ್ತಿದ್ದಳು. ಅದೂ ನನಗೆ ಅನುಮಾನವೇ. ಅರ್ಥವಾಗುತ್ತದೆ ಆದರೆ ಆಡುವುದಿಲ್ಲ ಎಂದರೆ ಏನು? ನಾನು ಡಾಕ್ಟ್ರ ಜೊತೆ ತುಳುವಿಗೆ ಹೊರಳಿದೆ. ಹುಬ್ಬಳ್ಳಿಯವರಿಗೆ ಅದು ತಿಳಿಯುವುದಿಲ್ಲವಲ್ಲ.

ಡಾಕ್ಟ್ರಿಗೆ ಮನಸ್ಸಿತ್ತು. ಅದೇ ಬೀದಿಯಲ್ಲಿ ಎರಡು ಹೊಸ ಕ್ಲಿನಿಕ್ಕುಗಳಾಗಿ, ಐಟಿಯ ಮಕ್ಕಳೆಲ್ಲ ಫೋನಿನಲ್ಲಿ ಜನ ಎಷ್ಟು ನಕ್ಷತ್ರ ಕೊಟ್ಟಿದ್ದಾರೆಂದು ನೋಡಿ ಡಾಕ್ಟರನ್ನು ಆರಿಸುವ ಕಾಲ ಬಂದಿತ್ತು. ಕಂಪನಿಯವರು ವಾಶಿಯಲ್ಲಿ ಒಂದು ಹೋಟೆಲಿನ ಹಾಲಿನಲ್ಲಿ ಡಾಕ್ಟರುಗಳಿಗೆ ಸಭೆ ಇಟ್ಟಿದ್ದರು. ಕಂಪ್ಯೂಟರು ಒತ್ತುವವಳು ನೀನೇ ತಾನೆ, ಎಂದು ಡಾಕ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಪನೀರು, ಐಸ್‌ಕ್ರೀಮು ಎಲ್ಲ ಇತ್ತು. ಅದೂ ಪುಕ್ಕಟೆ ಎಂದು ನಾನು ತಟ್ಟೆಗೆ ಕೈ ಹಾಕಲಿಲ್ಲ.

ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು. ಒಂದು ಕಡೆ ಡಾಕ್ಟರು, ಒಂದು ಕಡೆ ರೋಗಿ, ಕೆಳಗೆ ಲ್ಯಾಬು, ಮೆಡಿಕಲ್ ಸ್ಟೋರು, ಇನ್ಶೂರೆನ್ಸು. ಎಲ್ಲದರಿಂದಲೂ ಒಂದೊಂದು ಗೆರೆ ಹೊರಟು ನಡುವಿನ ವೃತ್ತಕ್ಕೆ ಬರುತ್ತಿತ್ತು. ನಡುವೆ ಕಂಪನಿ. ಕೋಟು ಹಾಕಿದವರೊಬ್ಬರು ವಿವರಿಸಿದರು. ತಮಗೆ ಸ್ವಂತದ ಆಸ್ಪತ್ರೆಯಿಲ್ಲ, ಲ್ಯಾಬಿಲ್ಲ, ಒಂದು ಗುಳಿಗೆಯೂ ತಮ್ಮದಲ್ಲ, ಬರಿಯ ವೇದಿಕೆ ತಮ್ಮದು, ಎಲ್ಲರನ್ನೂ ಸೇರಿಸುವುದು ತಮ್ಮ ಕೆಲಸ ಎಂದರು. ಅದನ್ನು ಹೇಳುವಾಗ ಅವರಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಡೊಂಬಿವಲಿಯಲ್ಲಿ ಮನೆ ಬಾಡಿಗೆಗೆ ಕೊಡಿಸುವ ಏಜೆಂಟನಿಗೂ ಸ್ವಂತ ಮನೆ ಇರುವುದಿಲ್ಲ, ಆದರೆ ಎರಡು ಕಡೆಯಿಂದಲೂ ಒಂದೊಂದು ತಿಂಗಳ ಬಾಡಿಗೆ ಅವನಿಗೆ ಹೋಗುತ್ತದೆ ಎಂದು ನಾನು ಡಾಕ್ಟ್ರ ಕಿವಿಯಲ್ಲಿ ಹೇಳಿದೆ. ಅವರು ಸುಮ್ಮನಿರು ಎಂದರು.

ಸುಮ್ಮನಿರುವ ಜಾಯಮಾನ ನನ್ನದಲ್ಲ. ಎದ್ದು ನಿಂತು ಹಿಂದಿಯಲ್ಲೇ ಕೇಳಿದೆ, ಪುಕ್ಕಟೆ ಕೊಟ್ಟು ನೀವು ತಿನ್ನುವುದು ಏನು ಎಂದು. ಹಾಲಿನಲ್ಲಿ ಒಂದಿಬ್ಬರು ನಕ್ಕರು. ಕೋಟಿನವರು ಸಿಟ್ಟಾಗಲಿಲ್ಲ, ಒಳ್ಳೆಯ ಪ್ರಶ್ನೆ ಎಂದರು. ಡಾಕ್ಟರಿಲ್ಲದ ಕಡೆ ರೋಗಿ ಬರುವುದಿಲ್ಲ, ರೋಗಿಯಿಲ್ಲದ ಕಡೆ ಡಾಕ್ಟರು ಬರುವುದಿಲ್ಲ. ಅದಕ್ಕೇ ಮೊದಲು ಡಾಕ್ಟರುಗಳಿಗೆ ಪುಕ್ಕಟೆ. ಅವರ ಹಿಂದೆ ರೋಗಿಗಳು ಬರುತ್ತಾರೆ. ರೋಗಿಗಳು ಬೇಕಾದಷ್ಟು ಸೇರಿದ ಮೇಲೆ ಲ್ಯಾಬಿನವರು, ಔಷಧದವರು ಒಳಗೆ ಜಾಗ ಕೊಡಿ ಎಂದು ತಾವಾಗಿಯೇ ದುಡ್ಡು ಹಿಡಿದು ಬರುತ್ತಾರೆ. ಅಷ್ಟು ಬಿಚ್ಚಿ ಹೇಳಿದ್ದಕ್ಕೆ ಒಪ್ಪಬೇಕಿತ್ತೋ ಏನೋ. ಹಾಗಾದರೆ ರೋಗಿಯ ಹತ್ತಿರ ಏನು ತೆಗೆದುಕೊಳ್ಳುತ್ತೀರಿ ಎಂದೆ. ಏನೂ ಇಲ್ಲ, ಒಂದು ಮೊಬೈಲ್ ನಂಬರು ಅಷ್ಟೆ, ಎಂದರು.

ಓಹೋ, ಚಿನ್ನ ಇರುವುದು ಅಲ್ಲಿ, ಎಂದುಕೊಂಡೆ. ನಂಬರು ಇವರ ಕೈಗೆ ಹೋದರೆ ನಾಳೆ ಲ್ಯಾಬಿನವನು ಫೋನು ಮಾಡುತ್ತಾನೆ, ನಾಡಿದ್ದು ಸಾಲ ಕೊಡುವವನು ಮಾಡುತ್ತಾನೆ. ಪಾಪ, ನಮ್ಮ ಜನಕ್ಕೆ ಫೋನಿನಲ್ಲಿ ಇಲ್ಲ ಎನ್ನಲು ಬರುವುದಿಲ್ಲ. ವಾಶಿಯಿಂದ ಠಾಣೆಗೆ ಬರುವ ರೈಲಿನಲ್ಲಿ ಡಾಕ್ಟ್ರು ಒಪ್ಪಿಗೆ ಕೊಟ್ಟುಬಿಟ್ಟೆ ಎಂದು ಹೇಳಿದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ತಲೆಯೊಳಗೆ ಆಗಲೇ ದಾರಿ ಹುಡುಕಿಯಾಗಿತ್ತು.

ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿರುವ ಹೊತ್ತಿನಲ್ಲಿ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಪಾಲಿಗೆ ಬಂತು. ಹೆಸರು, ವಯಸ್ಸು, ಕಾಯಿಲೆ, ಯಾವ ಗುಳಿಗೆ, ಎಷ್ಟು ದಿನಕ್ಕೆ. ಮೊಬೈಲ್ ನಂಬರಿನ ಚೌಕ ಖಾಲಿ ಬಿಟ್ಟರೆ ಮುಂದೆ ಹೋಗುವುದೇ ಇಲ್ಲ, ಕೆಂಪಗಾಗಿ ನಿಲ್ಲುತ್ತದೆ. ಹುಡುಗಿ ಪಕ್ಕದಲ್ಲಿ ಕೂತು ಒಂದು ವಾರ ಕಲಿಸಿದಳು. ಬುದ್ಧಿವಂತೆ, ತಾಳ್ಮೆಯವಳು, ನಾನು ಎಷ್ಟು ಸಲ ಗದರಿದರೂ ಮುಖ ಬಾಡಿಸಿಕೊಳ್ಳುತ್ತಿರಲಿಲ್ಲ. ನಂಬರಿನ ವಿಷಯ ಅವಳು ಒಂದಕ್ಕೆ ಮೂರು ಸಲ ಹೇಳಿದಳು, "ಆಂಟಿ, ನಂಬರ್ ಪೇಷಂಟ್ ಕಾ ಖುದ್ ಕಾ ಡಾಲ್ನಾ." ರೋಗಿಯ ಸ್ವಂತದ್ದೇ ಹಾಕು ಎಂದು. ಮೂರು ಸಲ ಹೇಳಿದ್ದರಿಂದಲೇ ನನ್ನ ಅನುಮಾನ ಗಟ್ಟಿಯಾಯಿತು. ಇವಳಿಗೆ ಅದರ ಮೇಲೇ ಯಾಕೆ ಕಣ್ಣು?

ಸಂಸಾರಸ್ಥರದು ಹೇಗೋ ಹಾಕಿದೆ, ಅವರು ಕೇಳಿದರೆ ಜವಾಬು ಕೊಡಬಲ್ಲವರು. ಹೋಟೆಲಿನ ಕಟ್ಟುಗಳಿಗೆ ಬಂದಾಗ ಒಬ್ಬರದೂ ಸ್ವಂತ ನಂಬರು ಹಾಕಲಿಲ್ಲ. ಕಾರ್ಡಿನ ಮೂಲೆಯಲ್ಲಿದ್ದ ಧಣಿಗಳ ನಂಬರನ್ನೇ ಎಲ್ಲರಿಗೂ ಒತ್ತಿದೆ. ಕಂಪನಿಗೆ ಬೇಕಾದರೆ ಧಣಿಗಳಿಗೆ ಫೋನು ಮಾಡಿ ಬೈಸಿಕೊಳ್ಳಲಿ. ಇಪ್ಪತ್ತು ಜನ ದುಡಿಯುವವರ ನಂಬರು ಉಳಿಯಿತಲ್ಲ ಎಂದು ಒಬ್ಬಳೇ ನಕ್ಕಿದ್ದೂ ಉಂಟು. ಧಣಿಗಳೆಂದರೆ ನಮ್ಮವರು. ಡಾಕ್ಟ್ರೂ ಅವರೂ ನಮ್ಮ ಊರವರ ಒಂದೇ ಸಂಘದ ಕಮಿಟಿಯಲ್ಲಿದ್ದವರು. ಸಂಘದ ಪೂಜೆಗೆ ಊಟ ಅವರ ಹೋಟೆಲಿನಿಂದಲೇ ಬರುತ್ತಿತ್ತು.

ಅದರ ನಡುವೆ ದೋಸೆಯ ಅಣ್ಣ ತಿಂಗಳ ಗುಳಿಗೆಗೆ ಬಂದರು. ಎಲ್ಲ ಕಂಪ್ಯೂಟರಿಗೆ ಹೋಗುತ್ತಿದೆ ಎಂದು ಡಾಕ್ಟ್ರಿಂದ ಕೇಳಿ ತಿಳಿದಿದ್ದರು. ಕೌಂಟರಿಗೆ ಬಗ್ಗಿ ಒಂದು ಚೀಟಿ ಮುಂದಿಟ್ಟರು. "ಇದು ನನ್ನ ನಂಬರ್ ಅಕ್ಕ. ಏನು ಕಳಿಸುವುದಿದ್ರೂ ಇದಕ್ಕೇ ಕಳಿಸಿ. ಬೇರೆ ಯಾವುದಕ್ಕೂ ಬೇಡ." ಆಯ್ತು ಎಂದೆ. ಅವರು ಹೋದ ಮೇಲೆ ಚೀಟಿಯನ್ನು ಡ್ರಾಯರಿಗೆ ಹಾಕಿದೆ. ಅವರ ಕಾರ್ಡು ಒತ್ತುವಾಗ ನೆನಪಿರಲಿಲ್ಲವೆಂದಲ್ಲ, ಚೆನ್ನಾಗಿ ನೆನಪಿತ್ತು. ಅವರದ್ದಂತೂ ಈ ಕಂಪನಿಗೆ ಸಿಗಲೇಬಾರದು ಎಂದು ಹಟದಿಂದಲೇ ಧಣಿಗಳ ನಂಬರು ಹಾಕಿದೆ.

ಒಂದೆರಡು ತಿಂಗಳು ಏನೂ ಆಗಲಿಲ್ಲ. ಹುಡುಗಿ ನಡುನಡುವೆ ಬಂದು ಹೊಸ ಹೊಸ ಸೌಕರ್ಯ ಹೇಳಿಹೋಗುತ್ತಿದ್ದಳು. ಗುಳಿಗೆ ಮುಗಿಯುವ ಹೊತ್ತಿಗೆ ರೋಗಿಗೆ ಇನ್ನು ತಾನಾಗಿಯೇ ಮೆಸೇಜು ಹೋಗುತ್ತದೆ, ಒತ್ತಿದರೆ ಮನೆಗೇ ಔಷಧ ಬರುತ್ತದೆ ಎಂದು ಒಂದು ದಿನ ಹೇಳಿದಳು. ವಾಶಿಯಲ್ಲಿ ಹೇಳಿದ್ದ ಔಷಧದವರು ದುಡ್ಡು ಹಿಡಿದು ಬಂದರು ಅಂತಾಯಿತು ಎಂದು ಕುಹಕವಾಡಿದೆ. ಗುಳಿಗೆ ನಾವು ಇಲ್ಲೇ ಕೊಡುತ್ತೇವಲ್ಲ, ನಮಗೇಕೆ ಇದು ಎಂದೆ. ಅದು ಯಾರ ನಂಬರಿಗೆ ಹೋಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ ಅವಳನ್ನು ಸಾಗಹಾಕಿದೆ.

ಆ ತಿಂಗಳು ದೋಸೆಯ ಅಣ್ಣ ಬರಲಿಲ್ಲ. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಒಂಬತ್ತು ವರ್ಷದಲ್ಲಿ ಮಳೆಗೆ ರೈಲು ನಿಂತಾಗ ಬಿಟ್ಟರೆ ಅವರು ತಪ್ಪಿಸಿದವರಲ್ಲ. ಐದನೆಯ ದಿನ ಡ್ರಾಯರಿನಿಂದ ಚೀಟಿ ತೆಗೆದು ಅವರ ನಂಬರಿಗೆ ಫೋನು ಮಾಡಿದೆ. ತುಂಬ ಹೊತ್ತು ರಿಂಗಾದ ಮೇಲೆ ಎತ್ತಿದರು. ಶಹಾಡಿನಲ್ಲಿ ಪರಿಚಯದವರ ಕೋಣೆಯಲ್ಲಿದ್ದೇನೆ ಎಂದರು. ದನಿ ಅವರದ್ದೇ, ಆದರೆ ಮಾತು ತುಂಡು ತುಂಡು.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ಧಣಿಗಳು ಗಲ್ಲಾದಿಂದ ಎದ್ದು ಬಂದು ಅವರ ಮುಖವನ್ನೇ ನೋಡುತ್ತ ನಿಂತರಂತೆ. ಮರುದಿನ ಈರುಳ್ಳಿ ಹೆಚ್ಚುವ ಚೂರಿಗಳೆಲ್ಲ ಒಳಗಿನ ಕಪಾಟಿಗೆ ಹೋದವು. ಮಾಳಿಗೆಯಲ್ಲಿ ಪಕ್ಕದಲ್ಲಿ ಮಲಗುತ್ತಿದ್ದವರು ಚಾಪೆ ಆಚೆ ಎಳೆದುಕೊಂಡರು. ಅವರು ಕೆಮ್ಮಿದರೂ ನಾಲ್ಕು ಜನ ತಿರುಗಿ ನೋಡುವ ಹಾಗಾಯಿತು. ಕಾದ ಕಾವಲಿಯ ಮುಂದೆ ನಿಮ್ಮನ್ನು ನಿಲ್ಲಿಸಲು ನನಗೆ ಧೈರ್ಯ ಬರುವುದಿಲ್ಲ, ಗಿರಾಕಿಗಳಿಗೆ ಏನಾದರೂ ಆದರೆ ಯಾರು ಗತಿ, ಸ್ವಲ್ಪ ದಿನ ಊರಿಗೆ ಹೋಗಿ ಬನ್ನಿ, ಎಂದು ಧಣಿಗಳು ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಬೈಯಲಿಲ್ಲವಂತೆ. ಕೈ ಮುಗಿದರಂತೆ.

"ಡಾಕ್ಟ್ರು ಹೇಳಿದ್ದಲ್ವಾ ಅಕ್ಕ?" ಎಂದು ಕೇಳಿದರು.

ಛೆ ಛೆ, ಡಾಕ್ಟ್ರು ಹಾಗೆ ಮಾಡುವವರಲ್ಲ ಎಂದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಮಿಟಿಯಲ್ಲಿ ಇಬ್ಬರೂ ಒಟ್ಟಿಗೆ ಕೂರುತ್ತಾರೆ, ಗುಳಿಗೆಯ ಹೆಸರು ಸಮೇತ ಧಣಿಗೆ ಗೊತ್ತಿತ್ತು, ಇನ್ಯಾರು ಹೇಳಬೇಕು ಎಂದರು. ಇನ್ನು ಆ ಡಾಕ್ಟ್ರ ಸಹವಾಸವೂ ಬೇಡ, ಆ ಗುಳಿಗೆಯ ಸಹವಾಸವೂ ಬೇಡ, ನಿಲ್ಲಿಸಿ ಒಂದು ವಾರವಾಯಿತು ಎಂದು ಫೋನು ಇಟ್ಟರು. ಕಾವಲಿ ಹೋಗಿದ್ದರೆ ಇನ್ನೊಂದು ಕಾವಲಿ ಸಿಗುತ್ತದೆ. ಗುಳಿಗೆ ನಿಂತರೆ ಆ ಮನುಷ್ಯನೇ ಹೋಗುತ್ತಾನೆ ಎಂದು ಠಾಣೆಯ ಡಾಕ್ಟರು ಚೀಟಿಯಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದರು.

ಹೇಳಲು ನಾಚಿಕೆಯಾಗುತ್ತದೆ, ಎರಡು ದಿನ ನಾನು ಡಾಕ್ಟ್ರನ್ನೇ ಅನುಮಾನಿಸಿದೆ. ಅವರು ಫೋನಿನಲ್ಲಿ ಮಾತಾಡುವಾಗ ಕಿವಿಗೊಟ್ಟೆ. ಸಂಘದ ಮೀಟಿಂಗಿಗೆ ಯಾವಾಗ ಹೋಗಿದ್ದಿರಿ ಎಂದು ಸುಮ್ಮನೆ ಎಂಬಂತೆ ಕೇಳಿದೆ. ಹದಿನೈದು ವರ್ಷ ಅವರ ಅನ್ನ ತಿಂದವಳು. ಅವರಲ್ಲಿ ಏನೂ ಸಿಗಲಿಲ್ಲ. ಸಿಗದೆ ಹೋದಾಗ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಸಿಟ್ಟು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಯಿತು.

ಮರುದಿನ ಸಂಜೆ ಕಂಪನಿಯ ಹುಡುಗಿ ಬಂದಳು. ಕ್ಲಿನಿಕ್ಕು ತುಂಬಿತ್ತು. ನಾನು ಕೌಂಟರಿನ ಹಿಂದಿನಿಂದಲೇ ಶುರು ಮಾಡಿದೆ. ಜನರ ಕಾಯಿಲೆ ಮಾರಿ ಸಂಬಳ ಎಣಿಸುತ್ತೀಯಲ್ಲ, ನಿನ್ನ ಅಪ್ಪನಿಗೋ ಅಣ್ಣನಿಗೋ ಹೀಗಾಗಿದ್ದರೆ ಗೊತ್ತಾಗುತ್ತಿತ್ತು, ಒಬ್ಬ ಮನುಷ್ಯನ ಬಾಯಿಗೆ ಮಣ್ಣು ಹಾಕಿದಿರಿ, ಇನ್ನೂ ಏನೇನೋ. ಕನ್ನಡದಲ್ಲಿ, ಹಿಂದಿಯಲ್ಲಿ, ನಡುವೆ ಮರಾಠಿಯಲ್ಲೂ ಅಂದೆ, ಬೆಂಚಿನಲ್ಲಿ ಕೂತವರಿಗೆಲ್ಲ ಅರ್ಥವಾಗಲಿ ಎಂದು. ಡಾಕ್ಟ್ರು ಒಳಗಿನಿಂದ ಬಾಗಿಲು ತೆರೆದು ನೋಡಿದರು. ಹುಡುಗಿಯ ಕಿವಿ ಕೆಂಪಗಾಗಿತ್ತು. ಅವಳು ವಾದ ಮಾಡಲಿಲ್ಲ. ಯಾವ ಪೇಷಂಟು ಎಂದು ಮೆಲ್ಲಗೆ ಕೇಳಿ, ಕೌಂಟರಿನ ಒಳಗೆ ನನ್ನ ಪಕ್ಕ ಬಂದು, ನಮ್ಮದೇ ಕಂಪ್ಯೂಟರಿನಲ್ಲಿ ಅಣ್ಣನ ಹೆಸರು ತೆರೆದಳು.

ಮೆಸೇಜು ಹೋದ ದಿನ, ಅದರಲ್ಲಿದ್ದ ಅಣ್ಣನ ಹೆಸರು, ಗುಳಿಗೆಯ ಹೆಸರು, ಹೋದ ನಂಬರು, ಎಲ್ಲ ಅಲ್ಲಿತ್ತು. ನಂಬರು ಧಣಿಗಳದು. ಅದನ್ನು ಒತ್ತಿದ್ದು ಯಾರು ಎಂಬುದಕ್ಕೂ ಒಂದು ಸಾಲಿತ್ತು. ನನ್ನ ಹೆಸರು.

ಹುಡುಗಿ ಅದನ್ನು ಬೇರೆ ಯಾರಿಗೂ ಕಾಣದಂತೆ ತಾನು ಅಡ್ಡ ನಿಂತಳು. ಆಮೇಲೆ, ಅಷ್ಟು ತಿಂಗಳಲ್ಲಿ ಮೊದಲ ಸಲ, ಕನ್ನಡದಲ್ಲಿ ಮಾತಾಡಿದಳು. ಹುಬ್ಬಳ್ಳಿಯ ಕನ್ನಡ, ತಡವರಿಸುತ್ತ. "ನಾ ಹೇಳಿದ್ದೆ ಆಂಟಿ. ಮೂರ್ ಸಲ ಹೇಳಿದ್ದೆ."

ಬೆಂಚಿನವರು ಕಾಯುತ್ತಿದ್ದರು, ಇನ್ನೇನು ಹೇಳುತ್ತಾಳೋ ಎಂದು. ಮುಂದಿನ ಹೆಸರು ಕೂಗಿದೆ. ಇನ್ನೊಮ್ಮೆ ಕೂಗಬೇಕಾಯಿತು.

ಇವತ್ತಿಗೂ ನಾನು ಆ ಕಂಪನಿಯನ್ನು ಒಪ್ಪಿಕೊಂಡಿಲ್ಲ. ಗುಳಿಗೆಯ ಹೆಸರನ್ನು ಹಾಗೆ ಬಿಡುಬೀಸಾಗಿ ಮೆಸೇಜಿನಲ್ಲಿ ಹಾಕಿ ಕಳಿಸುವುದು ಯಾವ ನ್ಯಾಯ? ಅದು ಯಾರ ಕೈಗೆ ಬೀಳುತ್ತದೆ ಎಂದು ಒಬ್ಬರಾದರೂ ಯೋಚಿಸಬೇಡವೇ? ಹುಡುಗಿಯನ್ನೇ ಕೇಳಿದೆ. ಒತ್ತಲು ಸುಲಭವಾಗಲಿ ಅಂತ, ಹೆಸರು ಕಂಡರೆ ಜನ ಬೇಗ ತರಿಸುತ್ತಾರೆ ಅಂತ ಮೇಲಿನವರ ಲೆಕ್ಕಾಚಾರ ಎಂದಳು. ಅವಳಿಗೂ ಅದು ಸರಿ ಕಂಡಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ತಪ್ಪು ಅವರದ್ದೂ ಇತ್ತು. ಆದರೆ ಅಣ್ಣ ನಂಬಿ ಚೀಟಿ ಕೊಟ್ಟಿದ್ದು ಕಂಪನಿಯ ಕೈಗಲ್ಲ.

ಡಾಕ್ಟ್ರಿಗೆ ಅಂದೇ ಹೇಳಿದೆ. ಕ್ಲಿನಿಕ್ಕು ಖಾಲಿಯಾದ ಮೇಲೆ ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಧಣಿಗಳಿಗೆ ಫೋನು ಹಚ್ಚಿದರು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಮೆಸೇಜು ಬಂದಾಗ ಪಕ್ಕದ ಮೆಡಿಕಲ್‌ನವರಿಗೆ ತೋರಿಸಿ ಯಾವುದಕ್ಕೆ ಎಂದು ಕೇಳಿದ್ದರಂತೆ. ನಿಮ್ಮ ಕಂಪ್ಯೂಟರ್ ಭಾರೀ ಒಳ್ಳೆಯದುಂಟು ಡಾಕ್ಟ್ರೇ, ನನ್ನ ಜನರಿಗೆ ಏನೇನು ಕಾಯಿಲೆ ಅಂತ ಈಗ ಎಲ್ಲ ನನಗೇ ಗೊತ್ತಾಗ್ತದೆ, ಎಂದು ಸಂತೋಷದಿಂದಲೇ ಹೇಳುತ್ತಿದ್ದರು. ದೋಸೆಯವರನ್ನು ವಾಪಸು ತೆಗೆದುಕೊಳ್ಳಿ, ಏನೂ ಆಗುವುದಿಲ್ಲ, ನಾನು ಹೊಣೆ, ಎಂದು ಡಾಕ್ಟ್ರು ಎಷ್ಟು ಹೇಳಿದರೂ ಧಣಿಗಳು ಅದೊಂದು ಮಾತ್ರ ಆಗುವುದಿಲ್ಲ ಎಂದರು.

ಹೋಟೆಲಿನವರೆಲ್ಲರ ಹೆಸರಿನ ಮುಂದಿದ್ದ ಧಣಿಗಳ ನಂಬರನ್ನು ಮರುದಿನವೇ ತೆಗೆಸಿದೆವು. ಅದರಿಂದ ಅಣ್ಣನಿಗೆ ಏನೂ ಆಗಲಿಲ್ಲ. ಡಾಕ್ಟ್ರು ಒಂದೇ ಮಾತು ಹೇಳಿದರು, "ನಾನು ಹೋದ್ರೆ ಅವ್ರು ಬಾಗಿಲು ತೆಗೆಯುವುದಿಲ್ಲ. ನೀನು ಹೋಗು. ಇದ್ದದ್ದನ್ನು ಇದ್ದ ಹಾಗೆ ಹೇಳು. ನನ್ನ ಮೇಲೆ ನಂಬಿಕೆ ಬಂದ್ರೆ ಮಾತ್ರ ಗುಳಿಗೆ ತಿಂತಾರೆ."

ಆದಿತ್ಯವಾರ ಶಹಾಡಿಗೆ ಹೋದೆ. ಚೀಲದಲ್ಲಿ ತಿಂಗಳ ಗುಳಿಗೆ. ಕಾರ್ಖಾನೆಯ ಗೋಡೆಯ ಹಿಂದಿನ ಸಾಲು ಕೋಣೆಗಳಲ್ಲಿ ಕೇಳುತ್ತ ಕೇಳುತ್ತ ಹೋದರೆ ಕೊನೆಯದು ಅವರದು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದರು, ನೀರು ಕೊಟ್ಟರು. ನೀವಾದರೂ ಬಂದಿರಲ್ಲ ಅಕ್ಕ, ನಿಮ್ಮೊಬ್ಬರ ಮೇಲೆ ನನಗೆ ಅನುಮಾನವಿಲ್ಲ, ಎಂದರು. ಮಾತಾಡುವಾಗ ನಡುನಡುವೆ ನಿಲ್ಲಿಸಿ ಗೋಡೆಯ ಆಚೆ ಯಾರೋ ಇದ್ದಾರೆಂಬಂತೆ ಕಿವಿಗೊಡುತ್ತಿದ್ದರು. ಅದನ್ನು ನೋಡಿ ನಾನು ಲೋಟ ಕೆಳಗಿಟ್ಟೆ.

ಹೇಳದೆ ಬಂದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ತಪ್ಪು ಕಂಪ್ಯೂಟರಿನದು ಎಂದರೆ ಮುಗಿಯಿತು, ನಂಬುತ್ತಿದ್ದರು. ಆದರೆ ಆ ಕಂಪ್ಯೂಟರು ಡಾಕ್ಟ್ರ ಕ್ಲಿನಿಕ್ಕಿನದೇ ತಾನೆ, ಮತ್ತೆ ಅಲ್ಲಿಗೆ ಹೆಜ್ಜೆ ಇಡುತ್ತಿರಲಿಲ್ಲ. ಹಾಗಾಗಿ ವಾಶಿಯ ಸಭೆಯಿಂದ ಹಿಡಿದು ಡ್ರಾಯರಿಗೆ ಹಾಕಿದ ಚೀಟಿಯವರೆಗೆ ಎಲ್ಲ ಹೇಳಿದೆ. ಡಾಕ್ಟ್ರು ಯಾರ ಹತ್ತಿರವೂ ಬಾಯಿ ಬಿಟ್ಟವರಲ್ಲ, ಇದು ನನ್ನ ಕೈಯಿಂದ ಆದದ್ದು ಎಂದೆ.

ಅವರು ತಮ್ಮ ಕೈ ನೋಡಿಕೊಂಡರು. ಕಾವಲಿಯ ಬಿಸಿಗೆ ಬೆರಳ ತುದಿಗಳೆಲ್ಲ ನುಣುಪಾಗಿದ್ದವು.

"ನನ್ನ ನಂಬರ್ ಕೊಟ್ಟಿದ್ದೆನಲ್ಲ ಅಕ್ಕ."

"ಕೊಟ್ಟಿದ್ರಿ. ಆ ಕಂಪನಿ ಮೇಲೆ ಅನುಮಾನ ಇತ್ತು ನಂಗೆ."

"ಧಣಿ ಮೇಲೆ ಇರ್ಲಿಲ್ವಾ?"

ಇರಲಿಲ್ಲ ಎಂದೆ. ಅವರು ಎದ್ದು ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ಗುಳಿಗೆಯ ಕವರನ್ನು ಚಾಪೆಯ ಮೇಲೆ ಇಟ್ಟು ಹೊರಗೆ ಬಂದೆ. ರೈಲಿನಲ್ಲಿ ಕೂತ ಮೇಲೆ ಅಳು ಬಂತು. ಹೆಂಗಸರ ಡಬ್ಬಿಯಲ್ಲಿ ಯಾರೋ ಪಕ್ಕಕ್ಕೆ ಸರಿದು ಕಿಟಕಿ ಬಿಟ್ಟುಕೊಟ್ಟರು.

ಹತ್ತು ದಿನ ಬಿಟ್ಟು ಅವರು ಡಾಕ್ಟ್ರಿಗೆ ಫೋನು ಮಾಡಿದರು. ತಪ್ಪು ತಿಳಿದೆ ಎಂದು ಕ್ಷಮೆ ಕೇಳಿದರಂತೆ. ಡಾಕ್ಟ್ರು ಠಾಣೆಗೆ ತಾವೇ ಕರೆದುಕೊಂಡು ಹೋಗಿ ತೋರಿಸಿದರು. ಎರಡು ತಿಂಗಳು ಕಷ್ಟವಾಯಿತು, ಆಮೇಲೆ ಮೊದಲಿನ ಹಾಗಾದರು. ಶಹಾಡಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಮತ್ತೆ ತಿಂಗಳು ತಿಂಗಳು ಕ್ಲಿನಿಕ್ಕಿಗೆ ಬರಲು ಶುರು ಮಾಡಿದರು ಎಂದು ಅವರ ಕಾರ್ಡಿನಲ್ಲಿ ಡಾಕ್ಟ್ರ ಹೊಸ ಬರಹ ನೋಡಿ ತಿಳಿದೆ. ಪ್ರತಿ ಸಲವೂ ಗುರುವಾರ. ಗುರುವಾರ ನನಗೆ ರಜೆ, ಕೌಂಟರಿನಲ್ಲಿ ಬೇರೆ ಒಬ್ಬಾಕೆ ಕೂರುತ್ತಾಳೆ.

ಒಮ್ಮೆ ತಡೆಯಲಾಗದೆ, ದೂರದಿಂದ ಮುಖವಾದರೂ ನೋಡೋಣ ಎಂದು, ಗುರುವಾರವೂ ಹೋಗಿ ಕೂತೆ. ಹನ್ನೊಂದೂವರೆಗೆ ಬಂದರು. ಗಡ್ಡ ಬೋಳಿಸಿದ್ದರು, ಇಸ್ತ್ರಿ ಮಾಡಿದ ಅಂಗಿ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ತಲೆಯೆತ್ತಿದವರು ನನ್ನನ್ನು ಕಂಡರು. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹಾಗೇ ತಿರುಗಿ ನಡೆದರು. ಆ ತಿಂಗಳ ಗುಳಿಗೆಯನ್ನು ಡಾಕ್ಟ್ರು ತಾವೇ ಶಹಾಡಿಗೆ ಹೋಗಿ ಕೊಟ್ಟು ಬರಬೇಕಾಯಿತು. ಅಂದಿನಿಂದ ಗುರುವಾರ ನಾನು ಆ ಬೀದಿಯಲ್ಲಿ ಹಾಲು ತರಲೂ ಹೋಗುವುದಿಲ್ಲ.